ನೀರಿನ ನಾಡಿ

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಬಾಳಿದವರಿಗೆ ಪಂಪಿನ ಸದ್ದು ಮನೆಯವರ ಉಸಿರಿನಷ್ಟೇ ಪರಿಚಿತ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ನಮ್ಮದು. ಆದರೂ ಕುಂಭ, ಮೀನ ಮಾಸಗಳು ಬಂದವೆಂದರೆ ಬಾವಿಯ ನೀರು ದಿನದಿನಕ್ಕೂ ಇಳಿಯುತ್ತದೆ. ಗುಡ್ಡದ ಒಡಲಿನ ಸುರಂಗದಿಂದ ಹರಿದು ಬರುವ ನೀರು ಬೆರಳುಗಾತ್ರಕ್ಕೆ ಕಿರಿದಾಗುತ್ತದೆ. ಆಗ ತೋಟವನ್ನು ಉಳಿಸಬೇಕಾದದ್ದು ಪಂಪು. ಅದರ ಸದ್ದು ಏಕಶ್ರುತಿಯಲ್ಲಿ ಇರುವವರೆಗೆ ಒಳಮನೆಯವರು ತಮ್ಮ ಕೆಲಸದಲ್ಲಿ ಮಗ್ನರಾಗಿರುತ್ತಾರೆ. ಅದು ಏರಿ ಇಳಿಯತೊಡಗಿದರೆ ಕೈಯಲ್ಲಿದ್ದ ಸೌಟನ್ನು ಅಲ್ಲಿಯೇ ಇಟ್ಟು ತೋಟಕ್ಕೆ ಇಳಿಯುತ್ತಾರೆ. ಸ್ಪ್ರಿಂಕ್ಲರಿನ ಧಾರೆ ಒಮ್ಮೆ ದೂರಕ್ಕೆ ಚಿಮ್ಮಿ, ಮರುಕ್ಷಣವೇ ಸೋತು ಬುಡದಲ್ಲಿ ಬೀಳುತ್ತಿದ್ದರೆ ಕಾರಣ ಹೆಚ್ಚಾಗಿ ಒಂದೇ. ಅದಕ್ಕೆ ನಮ್ಮಲ್ಲಿ ‘ಗಾಳಿ ಎಳೆಯುತ್ತಿದೆ’ ಎನ್ನುತ್ತೇವೆ.

ಯಜಮಾನರು ತೀರಿಕೊಂಡ ಬಳಿಕ ಇಪ್ಪತ್ತೆರಡು ವರ್ಷ ತೋಟದ ಹೊಣೆ ನನ್ನ ಮೇಲಿತ್ತು. ಪಂಪಿನ ವಿಷಯವನ್ನು ನನಗೆ ಕಲಿಸಿದವರು ನೆರೆಯೂರಿನ ಒಬ್ಬ ಮೆಕ್ಯಾನಿಕ್. ಒಂದೇ ವಾಕ್ಯದಲ್ಲಿ ತುಳುವನ್ನೂ ಮಲಯಾಳವನ್ನೂ ಕನ್ನಡವನ್ನೂ ಬೆರೆಸಿ ಮಾತನಾಡುವ ಆ ಹಿರಿಯರು ಮೊದಲ ದಿನವೇ ಹೇಳಿದ ಮಾತು ನನ್ನನ್ನು ಬೆರಗುಗೊಳಿಸಿತ್ತು: ಪಂಪು ನೀರನ್ನು ಎಳೆಯುವುದೇ ಇಲ್ಲ. ಪಂಪು ತನ್ನ ಬಾಯಿಯಲ್ಲಿ ಒತ್ತಡವನ್ನು ಕಡಿಮೆ ಮಾಡುತ್ತದೆ, ಅಷ್ಟೆ; ಬಾವಿಯ ನೀರಿನ ಮೇಲೆ ಕುಳಿತ ವಾಯುಮಂಡಲವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಗೂ ಒಂದು ಮಿತಿಯುಂಟು. ಲೆಕ್ಕದಲ್ಲಿ ಅದು ಸುಮಾರು 10 ಮೀಟರ್. ಕೊಳವೆಯ ತಿಕ್ಕಾಟವನ್ನೂ ಬೆಸುಗೆಗಳ ಸೋರಿಕೆಯನ್ನೂ ಕಳೆದರೆ ಆರೇಳು ಮೀಟರಿಗಿಂತ ಹೆಚ್ಚನ್ನು ನಂಬುವಂತಿಲ್ಲ. ಹೀರುವ ಪಂಪುಗಳು ಈ ಎತ್ತರವನ್ನು ದಾಟಲಾರವೆಂಬ ಸಂಗತಿ ಇಟಲಿಯ ಕಸುಬುದಾರರಿಗೆ ಮೊದಲೇ ತಿಳಿದಿತ್ತು. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಅದನ್ನು ಚರ್ಚಿಸಿದ. ಅವನ ಒಡನಾಡಿ ಟಾರಿಚೆಲ್ಲಿ ನೀರಿನ ಬದಲು ಪಾದರಸವನ್ನು ಬಳಸಿ, ಇದು ಗಾಳಿಯ ಭಾರದ ಕೆಲಸವೆಂದು ತೋರಿಸಿದ. ನಮ್ಮ ಮೆಕ್ಯಾನಿಕ್ ಈ ಹೆಸರುಗಳನ್ನು ಕೇಳಿದವರಲ್ಲ. ಬಾವಿಯ ನೀರು ಇಳಿದಂತೆ ಪಂಪನ್ನೂ ಕೆಳಗಿನ ಕಟ್ಟೆಗೆ ಇಳಿಸಬೇಕೆಂಬುದನ್ನು ಮಾತ್ರ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಅವರಿಂದ ಕಲಿತ ಎರಡನೆಯ ಪಾಠ ಇನ್ನೂ ಸೂಕ್ಷ್ಮವಾದದ್ದು. ಪಂಪಿನಿಂದ ಹೊರಗೆ ಹೋಗುವ ಕೊಳವೆ ಒಡೆದರೆ ನೀರು ಚಿಮ್ಮುತ್ತದೆ, ಕುರುಡನಿಗೂ ತಿಳಿಯುತ್ತದೆ. ಪಂಪಿಗೆ ನೀರು ತರುವ ಸಕ್ಷನ್ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಒಂದು ಹನಿಯೂ ಹೊರಬಾರದು. ಹೊರಗಿನ ಗಾಳಿ ಒಳಗೆ ಹೋಗುತ್ತದೆ. ದೋಷ ಕಾಣಿಸುವುದು ತೋಟದ ಆಚೆ ತುದಿಯ ಸ್ಪ್ರಿಂಕ್ಲರಿನಲ್ಲಿ, ಇರುವುದು ಬಾವಿಯ ಕಟ್ಟೆಯ ಮೇಲೆ. ಹೊತ್ತಿಸಿದ ಊದುಬತ್ತಿಯನ್ನು ಒಂದೊಂದು ಬೆಸುಗೆಯ ಬಳಿಗೂ ಹಿಡಿದು, ಹೊಗೆ ಎಲ್ಲಿ ಒಳಕ್ಕೆ ಬಾಗುತ್ತದೆಂದು ಅವರು ನೋಡುತ್ತಿದ್ದರು. ಗಾಳಿ ಬೀಸುವ ದಿನವಾದರೆ ಸಾಬೂನಿನ ನೊರೆ ಹಚ್ಚುತ್ತಿದ್ದರು. ನೊರೆ ಒಳಗೆ ಸರಿದ ಜಾಗವೇ ರೋಗದ ಜಾಗ. ಅಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿದು ಸುತ್ತಿದರೆ ಮುಂದಿನ ಮಳೆಯವರೆಗೆ ಯೋಚನೆಯಿಲ್ಲ. ಫುಟ್‌ವಾಲ್ವ್ ಸರಿಯಾಗಿ ಮುಚ್ಚದೆ ನೀರು ಬಾವಿಗೆ ಮರಳಿ ಇಳಿಯುತ್ತಿದ್ದರೆ ಪಂಪಿನ ಬಾಯಿಗೆ ಸೆಗಣಿ ಕದಡಿದ ನೀರನ್ನು ಹೊಯ್ಯುವ ಪದ್ಧತಿಯನ್ನೂ ನಮ್ಮ ತಲೆಮಾರಿನವರು ಬಲ್ಲರು.

ಇಷ್ಟನ್ನು ಇಲ್ಲಿ ಹೇಳಲು ಕಾರಣ, ಈ ತೋಟದ ವಿದ್ಯೆ ಕಡಲಾಚೆಯ ಒಂದು ಮನೆಯಲ್ಲಿ ನೆರವಿಗೆ ಬಂದದ್ದು. ನನ್ನ ಮಗಳು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಹೊರವಲಯದಲ್ಲಿ ನೆಲೆಸಿದ್ದಾಳೆ. ಮೂವತ್ತಾರರ ವಯಸ್ಸಿಗೇ ಅವಳಿಗೆ ರುಮಟಾಯ್ಡ್ ಸಂಧಿವಾತ ತಗಲಿತು. ಬೆಳಗ್ಗೆ ಎದ್ದಾಗ ಬೆರಳುಗಳು ಮಡಚವು. ಮಗುವಿನ ಅಂಗಿಯ ಗುಂಡಿ ಹಾಕಲೂ ಆಗದು. ಔಷಧಿಯ ಜೊತೆಗೆ ಬೆಚ್ಚನೆಯ ನೀರಿನಲ್ಲಿ ಕೈಕಾಲು ಆಡಿಸುವುದು ಹಿತವೆಂದು ವೈದ್ಯರು ಹೇಳಿದ್ದರಿಂದ ಅಳಿಯಂದಿರು ಮನೆಯ ಹಿಂದೆ ಒಂದು ಹಾಟ್ ಟಬ್ ಇರಿಸಿದ್ದರು. ನಾಲ್ಕು ಜನ ಕುಳಿತುಕೊಳ್ಳುವಷ್ಟು ದೊಡ್ಡ ತೊಟ್ಟಿ, ಸುತ್ತಲೂ ನೀರು ಚಿಮ್ಮುವ ಜೆಟ್ಟುಗಳು, ಮೇಲೆ ದಪ್ಪನೆಯ ಮುಚ್ಚಳ. ನೀರಿನ ಬಿಸಿ ಹೆಚ್ಚೆಂದರೆ 40 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚು ಅಪಾಯವಂತೆ. ನಮ್ಮ ಬಚ್ಚಲಿನ ಹಂಡೆಯ ನೀರನ್ನು ಕಂಡರೆ ಅವರು ಏನೆನ್ನುತ್ತಿದ್ದರೋ!

ನಾನು ಅಲ್ಲಿಗೆ ಹೋದದ್ದು ಡಿಸೆಂಬರ್ ತಿಂಗಳಲ್ಲಿ. ಆ ವೇಳೆಗೆ ಜೆಟ್ಟುಗಳ ಧಾರೆ ಒಮ್ಮೆ ಬಲವಾಗಿ, ಒಮ್ಮೆ ದುರ್ಬಲವಾಗಿ ಮಿಡಿಯತೊಡಗಿ ವಾರವಾಗಿತ್ತು. ಹರಿವು ಸಾಲದೆಂದು ಹೀಟರು ತಾನಾಗಿಯೇ ಆರಿಹೋಗುತ್ತಿತ್ತು, ನೀರು ತಣ್ಣಗಾಗುತ್ತಿತ್ತು. ಕಂಪನಿಯೊಂದರ ರಿಪೇರಿಯವನು ಬಂದು, ಮುಚ್ಚಳವನ್ನಷ್ಟೇ ತೆರೆದು ನೋಡಿ, ಪಂಪು ಮುಗಿಯಿತು, ಹೊಸದನ್ನು ಹಾಕಬೇಕು ಎಂದು ಸಾವಿರ ಡಾಲರಿಗೂ ಮಿಕ್ಕ ಲೆಕ್ಕವನ್ನು ಕೊಟ್ಟು ಹೋಗಿದ್ದ. ಹೊಸ ಪಂಪು ಬರಲು ಮೂರು ವಾರ. ಮಗಳು ಏನನ್ನೂ ಆಡುವವಳಲ್ಲ. ಆದರೆ ಬೆಳಗ್ಗೆ ಕಾಫಿಯ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತುವುದನ್ನು ನಾನು ಕಂಡೆ.

ಈ ಮಿಡಿಯುವ ತೊಟ್ಟಿಗೂ ನಮ್ಮ ಬಾವಿಯ ಪಂಪಿಗೂ ಇರುವ ನಂಟು ಬರಿಯ ಹೋಲಿಕೆಯಲ್ಲ. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಕೂಸಿ ಸಹೋದರರು ಮೊದಲು ವಿಮಾನದ ಕೆಲಸದಲ್ಲಿ ತೊಡಗಿದ್ದರು. 1921ರಲ್ಲಿ ಅವರ ವಿಮಾನವೊಂದು ಅಪಘಾತಕ್ಕೀಡಾಗಿ ಒಬ್ಬ ಸಹೋದರನೇ ಮಡಿದ ಮೇಲೆ ಆ ದಾರಿಯನ್ನು ಬಿಟ್ಟು, ಹಣ್ಣಿನ ತೋಟಗಳ ಬಾವಿಗಳಿಂದ ನೀರೆತ್ತುವ ಜೆಟ್ ಪಂಪುಗಳನ್ನು ತಯಾರಿಸಿ ಬದುಕಿದರು. ಅವರಲ್ಲಿ ಕಿರಿಯವನಾದ ಕ್ಯಾಂಡಿಡೋ ಎಂಬವನ ಮಗ ಕೆನೆತ್ ಎಳೆಯ ಮಗುವಾಗಿದ್ದಾಗಲೇ ರುಮಟಾಯ್ಡ್ ಸಂಧಿವಾತಕ್ಕೆ ತುತ್ತಾದ. ಮಗನಿಗೆ ಆಸ್ಪತ್ರೆಯ ನೀರಿನ ಚಿಕಿತ್ಸೆ ಮನೆಯಲ್ಲಿಯೇ ದೊರೆಯಲೆಂದು ತಂದೆ ಬಚ್ಚಲ ತೊಟ್ಟಿಯಲ್ಲಿ ಇಳಿಬಿಡುವಂಥ ಪುಟ್ಟ ಪಂಪನ್ನು ರೂಪಿಸಿದ. 1956ರಲ್ಲಿ ಅದು ಮಾರಾಟಕ್ಕೆ ಬಂತು. ಕಾಸರಗೋಡಿನವರಿಗೆ ಆ ಇಸವಿ ಬೇರೊಂದು ಕಾರಣಕ್ಕಾಗಿ ಮರೆಯಲಾಗದ್ದು. ಆ ಮಾತು ಇಲ್ಲಿ ಬೇಡ. 1968ರಲ್ಲಿ ಅದೇ ಮನೆತನದ ರಾಯ್ ಜಕೂಸಿ ಜೆಟ್ಟುಗಳನ್ನು ತೊಟ್ಟಿಯ ಗೋಡೆಯಲ್ಲಿಯೇ ಅಳವಡಿಸಿದ. ಸಿರಿವಂತರ ವಿಲಾಸವೆಂದು ನಾವು ಎಣಿಸುವ ವಸ್ತುವಿನ ಮೂಲದಲ್ಲಿ ಒಂದು ತೋಟದ ಪಂಪೂ ಒಂದು ಮಗುವಿನ ಕೀಲುನೋವೂ ಇವೆ. ಮಗಳು ಇದನ್ನು ಓದಿ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಪಂಪನ್ನು ನಡೆಸಲು ಹೇಳಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತ ಕುಳಿತೆ. ಬೇರಿಂಗ್ ಸವೆದ ಮೋಟರು ಎಡೆಬಿಡದೆ ಊಳಿಡುತ್ತದೆ. ಇದು ಹಾಗಲ್ಲ, ಏರಿ ಇಳಿಯುತ್ತಿತ್ತು. ಕಡಿಮೆ ವೇಗದಲ್ಲಿ ಸದ್ದು ಬಹುಮಟ್ಟಿಗೆ ಸಮ. ವೇಗ ಹೆಚ್ಚಿಸಿದೊಡನೆ ಮಿಡಿತ. “ಇದು ಗಾಳಿ ಎಳೆಯುತ್ತಿದೆ ಮಗಾ, ಪಂಪು ಸತ್ತಿಲ್ಲ” ಎಂದೆ. “ಅಮ್ಮಾ, ಇದು ತೋಟದ ಪಂಪಲ್ಲ” ಎಂದಳು. ಅಳಿಯಂದಿರು ಮಾತ್ರ ಎದ್ದುಹೋಗಿ ಪಾನಾ ತಂದರು.

ಮೊದಲು ನೀರಿನ ಮಟ್ಟವನ್ನು ನೋಡಿದೆವು. ನೀರು ಒಳಸೇರುವ ಬಾಯಿಗಿಂತ ಮಟ್ಟ ಕೆಳಗಿಳಿದರೆ ಅಲ್ಲಿಂದಲೇ ಗಾಳಿ ನುಗ್ಗುತ್ತದೆ. ಹಲವರು ಮಿಂದು ಏಳುವಾಗ ನೀರು ತುಳುಕಿ ಹೋಗುವುದೂ ಉಂಟು. ಮಟ್ಟ ಸರಿಯಾಗಿಯೇ ಇತ್ತು. ಧಾರೆಗೆ ಬೇಕೆಂದೇ ಗಾಳಿ ಬೆರೆಸುವ ತಿರುಪುಗಳು ತೊಟ್ಟಿಯ ಅಂಚಿನಲ್ಲಿರುತ್ತವೆ. ಅವನ್ನು ಪೂರ್ತಿ ಮುಚ್ಚಿದರೂ ಗುಳ್ಳೆಗಳು ನಿಲ್ಲಲಿಲ್ಲ. ಬಾಗಿಲು ಹಾಕಿದ ಮೇಲೂ ಮನೆಯೊಳಗೆ ಯಾರೋ ಬರುತ್ತಿದ್ದಾರೆಂದರೆ ಬೇರೆ ಕಂಡಿಯಿದೆ ಎಂದೇ ಅರ್ಥ. ಬಳಿಕ ಫಿಲ್ಟರನ್ನು ಹೊರತೆಗೆದು, ಅದಿಲ್ಲದೆ ಪಂಪನ್ನು ಸ್ವಲ್ಪ ಹೊತ್ತು ನಡೆಸಿದೆವು. ಮಿಡಿತ ಅರ್ಧಕ್ಕರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಕಾಗದದಂತೆ ನೆರಿಗೆಗೊಳಿಸಿದ ಆ ಬಟ್ಟೆಯ ಫಿಲ್ಟರು ಮೈಗೆ ಹಚ್ಚುವ ಲೋಷನ್ನು, ಈಜುಡುಗೆಯ ಸಾಬೂನುಗಳಿಂದ ಜಿಡ್ಡುಗಟ್ಟಿ ಬೂದುಬಣ್ಣಕ್ಕೆ ತಿರುಗಿತ್ತು. ಎಣ್ಣೆಸ್ನಾನ ಮಾಡುವ ನಮ್ಮವರು ಇಂಥ ತೊಟ್ಟಿಗೆ ಇಳಿಯುವ ಮೊದಲು ಸೀಗೆ ಹಾಕಿ ಚೆನ್ನಾಗಿ ತೊಳೆದುಕೊಳ್ಳುವುದು ಒಳಿತು.

ಅರ್ಧ ಇಳಿದದ್ದೇಕೆ ಎಂಬಲ್ಲಿ ವಿಷಯದ ತಿರುಳಿತ್ತು. ಫಿಲ್ಟರು ಕಟ್ಟಿಕೊಂಡಾಗ ಪಂಪಿನ ಬಾಯಿಯ ಒತ್ತಡ ಇನ್ನಷ್ಟು ಕುಸಿಯುತ್ತದೆ. ಆಗ ಮೊದಲು ಸುಮ್ಮನಿದ್ದ ಚಿಕ್ಕ ಬಿರುಕು ಗಾಳಿಯನ್ನು ಒಳಗೆ ಬಿಡತೊಡಗುತ್ತದೆ. ಹಾಗಾದರೆ ಬಿರುಕು ಇರಲೇಬೇಕು. ಮುಖ್ಯ ಸ್ವಿಚ್ಚನ್ನು ಆರಿಸಿ (ಅಲ್ಲಿ ಇಂಥ ತೊಟ್ಟಿಗೆ 240 ವೋಲ್ಟ್ ವಿದ್ಯುತ್ತು, ಒದ್ದೆ ಕೈಯ ಆಟ ಎಲ್ಲಿಯೂ ಸಲ್ಲದು) ಪಕ್ಕದ ಹಲಗೆಯನ್ನು ಬಿಚ್ಚಿದೆವು. ನೀರು ಬರುವ ಕಡೆಯ ಕೊಳವೆ ಪಂಪಿಗೆ ಸೇರುವಲ್ಲಿ ದೊಡ್ಡ ಪ್ಲಾಸ್ಟಿಕ್ ಯೂನಿಯನ್. ಅದರ ಅಡಿಯಲ್ಲಿ ಒಂದು ಹನಿ ಜೋತಾಡುತ್ತಿತ್ತು. ಪಂಪನ್ನು ನಡೆಸಿದರೆ ಆ ಹನಿ ಮಾಯ. ನಮ್ಮ ತೋಟದಲ್ಲಿ ನೀರು ಪಂಪಿಗಿಂತ ಕೆಳಗಿರುವುದರಿಂದ ಇಂಥ ಕಡೆ ಹನಿ ಕಾಣುವ ಸಂದರ್ಭವೇ ಇಲ್ಲ. ಇಲ್ಲಿ ತೊಟ್ಟಿ ಪಂಪಿಗಿಂತ ಮೇಲಿದೆ. ನಿಂತಾಗ ನೀರು ಜಿನುಗುತ್ತದೆ, ಓಡುವಾಗ ಗಾಳಿ ಒಳಸೇರುತ್ತದೆ. ರಿಪೇರಿಯವನು ಹಲಗೆ ಬಿಚ್ಚಿದ್ದರೆ ಅವನಿಗೂ ಕಾಣುತ್ತಿತ್ತು.

ಎರಡೂ ಬದಿಯ ವಾಲ್ವುಗಳನ್ನು ಮುಚ್ಚಿ ಯೂನಿಯನ್ ಬಿಚ್ಚಿದಾಗ ಒಳಗಿನ ರಬ್ಬರಿನ ಉಂಗುರ ಚಪ್ಪಟೆಯಾಗಿ ಗಡುಸಾಗಿತ್ತು. ಅದೇ ಅಳತೆಯ ಉಂಗುರವನ್ನು ಅಳಿಯಂದಿರು ಅಂಗಡಿಯಿಂದ ಐದಾರು ಡಾಲರಿಗೆ ತಂದರು. ಅದಕ್ಕೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ, ಯೂನಿಯನ್ನನ್ನು ಕೈಯಿಂದಲೇ ಬಿಗಿದೆವು. ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಕೆಡಿಸುತ್ತದೆ, ಪಾನಾದ ಬಲ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ವಾಲ್ವುಗಳನ್ನು ತೆರೆದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಬೇಕಿತ್ತು. ಪಂಪು ನಿಂತಿರುವಂತೆಯೇ ಹೊರಕೊಳವೆಯ ಯೂನಿಯನ್ನನ್ನು ತುಸು ಸಡಿಲಿಸಿದಾಗ ಬುಸ್ಸೆಂದು ಗಾಳಿ ಹೋಗಿ, ನೀರು ತೊಟ್ಟಿಕ್ಕಿದೊಡನೆ ಮತ್ತೆ ಬಿಗಿದೆವು. ಮೋಟರು ಗುಂಯ್‌ಗುಟ್ಟುತ್ತ ತಿರುಗದಿದ್ದರೆ, ಇಲ್ಲವೇ ಮೋಟರಿಗೂ ಪಂಪಿಗೂ ನಡುವಣ ದಂಡದ ಬಳಿ ನೀರು ಸೋರಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಅದು ಬಲ್ಲವರ ಕೆಲಸ.

ತೊಳೆದ ಫಿಲ್ಟರನ್ನು ಇಟ್ಟು ಸ್ವಿಚ್ಚು ಹಾಕಿದಾಗ ಸದ್ದು ಒಂದೇ ಶ್ರುತಿಗೆ ನಿಂತಿತು. ಸಂಜೆಯ ವೇಳೆಗೆ ನೀರು ಬಿಸಿಯಾಯಿತು. ತುಂತುರು ಮಳೆಯಲ್ಲಿ, ತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು, ಮಗಳು ಇಪ್ಪತ್ತು ನಿಮಿಷ ನೀರಿನಲ್ಲಿ ಕುಳಿತಳು. ಅವಳ ನೋವು ಇದರಿಂದ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಮರುದಿನ ಬೆಳಗ್ಗೆ ನೀರಿನಿಂದ ಎದ್ದು ಬಂದವಳು ಮೊಮ್ಮಗಳ ಅಂಗಿಯ ಗುಂಡಿಗಳನ್ನು ತಾನೇ ಹಾಕಿದಳು. ಈಗ ಅವರ ಮನೆಯಲ್ಲಿ ಫಿಲ್ಟರುಗಳ ಎರಡು ಜೊತೆಗಳಿವೆ. ಎರಡು ವಾರಕ್ಕೊಮ್ಮೆ ತೊಳೆದ ದಿನಾಂಕವನ್ನು ಬರೆದಿಡುವ ಕೆಲಸ ಮೊಮ್ಮಗಳದು. ಫೋನಿನಲ್ಲಿ ನಾನು ವಿಚಾರಿಸಿದರೆ “ಅಜ್ಜೀ, ಗಾಳಿ ಎಳೆಯುವುದಿಲ್ಲ” ಎಂದು ಮೊದಲು ಅದನ್ನೇ ಹೇಳುತ್ತಾಳೆ.