ಚಾಳೀಸು ಎಲ್ಲರಿಗೂ ಬರುತ್ತೆ, ಕನ್ನಡಕ ಎಲ್ಲರಿಗೂ ಬರಲ್ಲ



ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗೋದಕ್ಕೆ ನಮ್ಮ ಜನ ‘ಚಾಳೀಸು’ ಅಂತಾರೆ. ಹಿಂದಿಯಲ್ಲಿ ಚಾಲೀಸ್ ಅಂದ್ರೆ ನಲವತ್ತು. ಕಣ್ಣಿನೊಳಗಿನ ಮಸೂರ ವಯಸ್ಸಿಗೆ ಗಡುಸಾಗುತ್ತೆ, ಅಷ್ಟೇ. ಅದಕ್ಕೆ ಜಾತಿ ಇಲ್ಲ. ಆದ್ರೆ ಕನ್ನಡಕಕ್ಕೆ ಬೆಲೆ ಇದೆ.

ನಾನು ಹಾಕೋದು ಪ್ರೋಗ್ರೆಸಿವ್. ಒಂದೇ ಗಾಜಿನ ಮೇಲ್ಭಾಗದಲ್ಲಿ ದೂರದ ರಸ್ತೆ, ನಡುವೆ ಸ್ಪೀಡೋಮೀಟರು, ಕಂಪ್ಯೂಟರು, ಕೆಳಗೆ ಆಫೀಸಿನ ಫೈಲು. ದಿನಾ ಸ್ಕೂಟರ್ ಓಡಿಸ್ತೀನಿ, ಹಾಗಾಗಿ ಹೊಸದಾಗಿ ಹಾಕಿಸಿಕೊಂಡೋರಿಗೆ ಒಂದೆರಡು ಮಾತು. ಈ ಗಾಜಿನ ಪಕ್ಕದ ಅಂಚುಗಳಲ್ಲಿ ನೋಟ ಸೊಟ್ಟಗಾಗುತ್ತೆ. ಕನ್ನಡಿ ನೋಡೋವಾಗ ಬರೀ ಕಣ್ಣಲ್ಲ, ತಲೆಯನ್ನೂ ತಿರುಗಿಸಿ. ಹಂಪು, ಗುಂಡಿ ನೋಡೋಕೆ ಗದ್ದ ತಗ್ಗಿಸಿ. ಗಾಜಿನ ಕೆಳಭಾಗದಲ್ಲಿ ನೋಡಿದ್ರೆ ಅದು ಮಸುಕು. ಹೆಲ್ಮೆಟ್ ಹಾಕಿದ ಮೇಲೆ ಫ್ರೇಮ್ ಮೇಲಕ್ಕೆ ಸರಿದಿದ್ರೆ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ರಸ್ತೆ ನೋಡೋ ಜಾಗಕ್ಕೆ ಓದೋ ಪವರ್ ಬಂದು ಕೂತಿರುತ್ತೆ. ಪೂರ್ತಿ ರೂಢಿ ಆಗೋವರೆಗೂ ರಾತ್ರಿ ಗಾಡಿ ಬೇಡ.

ನನಗೆ ತಿಂಗಳ ಸಂಬಳ ಇದೆ, ಸಾವಿರಗಟ್ಟಲೆ ಕೊಟ್ಟು ಮಾಡಿಸಿಕೊಂಡೆ. ಕತ್ತಲು ಹರಿಯೋ ಮುಂಚೆ ಕಸದ ಆಟೋ ಓಡಿಸೋ ನಮ್ಮ ಕೇರಿ ಅಣ್ಣಂದಿರು? ಕಣ್ಣು ತೋರಿಸೋಕೆ ಹೋದ್ರೆ ಆ ದಿನದ ಕೂಲಿ ಹೋಯ್ತು. ಸಾರಿಗೆ ವಾಹನದ ಲೈಸೆನ್ಸು 5 ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಡಾಕ್ಟರ ಫಾರಂ 1ಎ ಬೇಕು. ಕಣ್ಣಿನ ಪವರ್ 5 ವರ್ಷ ಕಾಯುತ್ತಾ? ಎಷ್ಟೋ ಜನ ಸಂತೆಯಲ್ಲಿ ಓದೋ ಕನ್ನಡಕ ತಗೊಂಡು ಅದನ್ನೇ ಹಾಕ್ಕೊಂಡು ಸ್ಟೀರಿಂಗ್ ಹಿಡೀತಾರೆ. ದಯವಿಟ್ಟು ಬೇಡ. ಅದು ದೂರದ್ದನ್ನ ಇನ್ನೂ ಮಸುಕು ಮಾಡುತ್ತೆ. ಪ್ರೋಗ್ರೆಸಿವ್ ಕೊಳ್ಳೋಕೆ ಆಗದಿದ್ರೆ ಸಂಕೋಚ ಬೇಡ. ಗಾಡಿಗೆ ದೂರದ್ದು ಒಂದು, ಓದೋಕೆ ಇನ್ನೊಂದು, ಎರಡು ಸಾದಾ ಕನ್ನಡಕ ಸಾಕು. ಆದ್ರೆ ಕಣ್ಣು ಪರೀಕ್ಷೆ ಮಾಡಿಸಿಯೇ ತಗೊಳ್ಳಿ.

ಗ್ಲೌಸು, ಬೂಟು ಕೇಳೋ ನಮ್ಮ ಬೇಡಿಕೆ ಪಟ್ಟಿಗೆ ಇನ್ನೊಂದು ಸೇರಿಸೋಣ: ವರ್ಷಕ್ಕೊಮ್ಮೆ ಸಂಬಳ ಸಹಿತ ಕಣ್ಣಿನ ತಪಾಸಣೆ, ಬೇಕಾದೋರಿಗೆ ಉಚಿತ ಕನ್ನಡಕ. ಇದು ದಾನ ಅಲ್ಲ, ದುಡಿಯೋರ ಸುರಕ್ಷತೆ, ರಸ್ತೆಯಲ್ಲಿ ನಡೆಯೋ ಎಲ್ಲರ ಸುರಕ್ಷತೆ. ಅಲ್ಲಿವರೆಗೆ ನಮ್ಮ ಕೈಲಾಗೋದು ನಾವು ಮಾಡೋಣ. ಬರೋ ಏಪ್ರಿಲ್ 14ಕ್ಕೆ ನಿಮ್ಮೂರಲ್ಲಿ ಎರಡು ಫ್ಲೆಕ್ಸ್ ಕಮ್ಮಿ ಹಾಕಿ, ಒಂದು ಕಣ್ಣಿನ ಶಿಬಿರ ಇಡಿ. ಬಾಬಾಸಾಹೇಬರ ಪ್ರತಿಮೆಗೆ ಕನ್ನಡಕ ಇದೆ. ಅದರ ಮುಂದೆ ಕಸದ ಗಾಡಿ ಓಡಿಸ್ಕೊಂಡು ಹೋಗೋ ಅಣ್ಣನಿಗೂ ಇರಲಿ.