ತೋನ್ಸೆಪಾರಿಗೆ ದೋಣಿಯಲ್ಲಿ

ನಮ್ಮ ರಾವಂದೂರಿನ ಕಡೆಯವರಿಗೆ ನಡುಗಡ್ಡೆ ಎಂದರೆ ಹೊಸದೇನಲ್ಲ. ಶ್ರೀರಂಗಪಟ್ಟಣ ನಡುಗಡ್ಡೆಯೇ. ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮವೂ ನಡುಗಡ್ಡೆಯೇ. ತೂಗುಸೇತುವೆ ದಾಟಿದರೆ ಬಂತು. ಆದರೆ ಸೇತುವೆಯೇ ಇಲ್ಲದ, ಸುತ್ತಲೂ ಉಪ್ಪುನೀರೇ ಇರುವ ನಡುಗಡ್ಡೆಗೆ ನಾನು ಕಾಲಿಟ್ಟಿದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ತಮಾಷೆ ಏನೆಂದರೆ, ಆ ನಡುಗಡ್ಡೆಯ ವಿಷಯವನ್ನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ನಕಾಶೆಯ ಮೇಲೆ ಬೆತ್ತ ಇಟ್ಟು, “ಇದು ಮಲ್ಪೆ, ಅದರ ಎದುರಿಗೆ ಸೇಂಟ್ ಮೇರಿಸ್ ದ್ವೀಪ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವಾಗ ಯಾರೂ ಇಲ್ಲದ ಈ ದ್ವೀಪದಲ್ಲಿ ಇಳಿದು ಹೆಸರಿಟ್ಟ” ಎಂದು ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಅದನ್ನು ಎಲ್ಲಿ ಓದಿದ್ದೆನೋ, ಯಾರಿಂದ ಕೇಳಿದ್ದೆನೋ, ಈಗ ನೆನಪಿಲ್ಲ.

ಫೆಬ್ರವರಿಯ ಎರಡನೇ ಶನಿವಾರ ಹೊರಟೆವು. ತಂಬಾಕೆಲ್ಲ ಹರಾಜಾಗಿ ಮಗನ ಕೈಗೆ ನಾಲ್ಕು ಕಾಸು ಬಂದಿತ್ತು. “ಅಪ್ಪ, ಜೀವಮಾನವೆಲ್ಲ ಸಮುದ್ರದ ಪಾಠ ಮಾಡಿದ್ರಿ, ಒಂದ್ಸಲ ನೋಡ್ಕೊಂಡ್ ಬರೋಣ” ಅಂದ. ನಾನು, ನನ್ನ ಹೆಂಡತಿ, ಮಗ, ಸೊಸೆ, ಏಳನೇ ತರಗತಿಯ ಮೊಮ್ಮಗಳು, ಎರಡನೇ ತರಗತಿಯ ಮೊಮ್ಮಗ. ಬುತ್ತಿಗೆ ಪುಳಿಯೋಗರೆ, ಚಕ್ಕುಲಿ, ನಿಪ್ಪಟ್ಟು. ನಸುಕಿನ ನಾಲ್ಕಕ್ಕೇ ಹೊರಟು ಪಿರಿಯಾಪಟ್ಟಣ, ಬೈಲಕುಪ್ಪೆ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಬಿಸಿಲು ಏರಿತ್ತು. ತಿರುವುಗಳಲ್ಲಿ ಚಿಕ್ಕವನು ಎರಡು ಸಲ ವಾಂತಿ ಮಾಡಿಕೊಂಡ. ಆ ಭಾಗವನ್ನು ಹೆಚ್ಚು ವರ್ಣಿಸುವುದು ಬೇಡ. ಸಂಜೆ ಉಡುಪಿಯಲ್ಲಿ ಕೃಷ್ಣನ ದರ್ಶನವಾಯಿತು. ಆ ವಿಗ್ರಹವೂ ಹಡಗಿನಲ್ಲೇ ಮಲ್ಪೆಯ ಕಡಲಿಗೆ ಬಂತು, ಗೋಪೀಚಂದನದ ಗಡ್ಡೆಯೊಳಗಿದ್ದ ಅದನ್ನು ಮಧ್ವಾಚಾರ್ಯರು ತಂದು ಪ್ರತಿಷ್ಠಾಪಿಸಿದರು ಎಂಬ ಐತಿಹ್ಯವನ್ನು ಮೊಮ್ಮಗಳಿಗೆ ಹೇಳಿದೆ. “ಹಾಗಾದ್ರೆ ನಾಳೆ ನಾವೂ ಕೃಷ್ಣ ಬಂದ ದಾರೀಲೇ ಹೋಗೋದಾ?” ಅಂದಳು.

ಭಾನುವಾರ ಬೆಳಿಗ್ಗೆ ಮಲ್ಪೆ. ಉಡುಪಿಯಿಂದ ಆರೇಳು ಕಿಲೋಮೀಟರ್ ಅಷ್ಟೆ. ಬಂದರಿಗಿಂತ ಮೊದಲು ಮೀನಿನ ವಾಸನೆ ಸಿಗುತ್ತದೆ, ಆಮೇಲೆ ದೋಣಿಗಳು. ಒಂದಕ್ಕೊಂದು ಅಂಟಿಕೊಂಡು ನೂರಾರು ದೋಣಿಗಳು, ಬಣ್ಣಬಣ್ಣದ ಬಾವುಟಗಳು, ನೆಲದ ಮೇಲೆ ರಾಶಿ ರಾಶಿ ಬಲೆ. ದ್ವೀಪಕ್ಕೆ ಹೋಗುವ ದೋಣಿಗೆ ಟಿಕೆಟ್ ಮಾಡಿಸಿ ಕಾದೆವು. ಸಾಕಷ್ಟು ಜನ ಸೇರಿದ ಮೇಲೆಯೇ ದೋಣಿ ಬಿಡುವುದು. ಮಳೆಗಾಲದಲ್ಲಿ ಈ ದೋಣಿಗಳು ಓಡುವುದಿಲ್ಲ. ಆಗ ಕಡಲು ಯಾರ ಮಾತನ್ನೂ ಕೇಳುವುದಿಲ್ಲವಂತೆ.

ಅಲ್ಲಿ ನನ್ನ ಹೆಂಡತಿ ಬೆಂಚಿನ ಮೇಲೆ ಕೂತುಬಿಟ್ಟಳು.

“ನೀವು ಹೋಗ್ಬನ್ನಿ. ನಾನು ಇಲ್ಲೇ ಬ್ಯಾಗ್ ನೋಡ್ಕೊಂಡಿರ್ತೀನಿ.”

ಬ್ಯಾಗಿನದು ನೆಪ ಎಂದು ನನಗೆ ಗೊತ್ತು. ಅವಳು ಹತ್ತು ವರ್ಷದವಳಿದ್ದಾಗ ಕಾವೇರಿಯಲ್ಲಿ ತೆಪ್ಪ ಮಗುಚಿ, ಯಾರೋ ಜಡೆ ಹಿಡಿದು ಎಳೆದು ದಡ ಸೇರಿಸಿದ್ದರು. ಅಂದಿನಿಂದ ಹೊಳೆಗೆ ಹೋದರೂ ಮೆಟ್ಟಿಲ ಮೇಲೆ ನಿಂತೇ ಚೊಂಬಿನಲ್ಲಿ ಸ್ನಾನ. ನಾನು ಬಲವಂತ ಮಾಡಲಿಲ್ಲ. ಮಗ ಏನೋ ಹೇಳಹೋದ, ಕಣ್ಣಲ್ಲೇ ತಡೆದೆ. ಆದರೆ ಚಿಕ್ಕವನಿಗೆ ಇದೆಲ್ಲ ಗೊತ್ತಿಲ್ಲವಲ್ಲ. ಅಜ್ಜಿಯ ಸೆರಗು ಹಿಡಿದು, “ಅಜ್ಜಿ, ನನಗೂ ಭಯ. ನೀನು ಬಂದ್ರೆ ನಿನ್ನ ಕೈ ಹಿಡ್ಕೋತೀನಿ” ಅಂದ. ಅವಳು ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. ಎದ್ದಳು. ದೋಣಿಯ ಹುಡುಗ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಸೀರೆಯ ಮೇಲೆ ಕಟ್ಟುತ್ತಾ, “ಹೆದರ್ಬೇಡಿ ಅಮ್ಮ, ಎಂಥ ಆಗುದಿಲ್ಲ” ಅಂದ. ನಮ್ಮ ಮಕ್ಕಳಿಗೆ ಆ ‘ಎಂಥ ಆಗುದಿಲ್ಲ’ ಬಹಳ ಇಷ್ಟವಾಗಿ ಇವತ್ತಿಗೂ ಮನೆಯಲ್ಲಿ ಅದೇ ಮಾತು.

ದಡದಿಂದ ದ್ವೀಪಕ್ಕೆ ಸುಮಾರು ಆರು ಕಿಲೋಮೀಟರ್. ಬಂದರಿನೊಳಗೆ ಇರುವಷ್ಟು ಹೊತ್ತು ಎಲ್ಲ ಸಲೀಸು. ಬಾಯಿ ದಾಟಿ ಹೊರಗೆ ಬಂದೊಡನೆ ದೋಣಿಯ ಮೂತಿ ಮೇಲೆದ್ದು ಕೆಳಗೆ ಬೀಳತೊಡಗಿತು. ಎತ್ತಿನಗಾಡಿಯಲ್ಲಿ ಗುಂಡಿ ಬಿದ್ದ ದಾರಿಯಲ್ಲಿ ಹೋದ ಹಾಗೆ, ಆದರೆ ಗುಂಡಿ ನಮ್ಮ ಜೊತೆಯಲ್ಲೇ ಬರುತ್ತದೆ. ನನ್ನ ಹೆಂಡತಿ ಕಣ್ಣು ಮುಚ್ಚಿ ಮಂಜುನಾಥನಿಂದ ಹಿಡಿದು ಚಾಮುಂಡಿಯವರೆಗೆ ಎಲ್ಲರನ್ನೂ ಕರೆದಳು. ಚಿಕ್ಕವನು ಅವಳ ಕೈ ಹಿಡಿದಿದ್ದನೋ, ಅವಳೇ ಅವನದನ್ನು ಹಿಡಿದಿದ್ದಳೋ.

ಮಲ್ಪೆಯ ಕಡಲಲ್ಲಿ ಇರುವುದು ಇದೊಂದೇ ದ್ವೀಪವಲ್ಲ. ದರಿಯಾ ಬಹಾದ್ದೂರ್‌ಗಡ ಎಂಬ ಇನ್ನೊಂದು ದ್ವೀಪದಲ್ಲಿ ಕೆಳದಿಯ ಅರಸ ಬಸಪ್ಪ ನಾಯಕ ಕೋಟೆ ಕಟ್ಟಿಸಿದ್ದ. ಮಲೆನಾಡಿನ ಬಿದನೂರಿನಲ್ಲಿ ಕೂತು ಆಳುತ್ತಿದ್ದವರಿಗೆ ಕಡಲ ಮಧ್ಯೆ ಕೋಟೆ ಏಕೆ ಬೇಕಿತ್ತು? ಅಕ್ಕಿ, ಮೆಣಸು ಹೊರಗೆ ಹೋಗುತ್ತಿದ್ದುದು ಈ ಕರಾವಳಿಯ ಬಂದರುಗಳಿಂದಲೇ. ಬಾಗಿಲು ಎಲ್ಲಿದೆಯೋ ಕಾವಲೂ ಅಲ್ಲೇ ತಾನೆ.

ದ್ವೀಪದ ಹತ್ತಿರ ನೀರು ಆಳವಿಲ್ಲ, ತಳದಲ್ಲೆಲ್ಲ ಕಲ್ಲು. ಆದ್ದರಿಂದ ದೊಡ್ಡ ದೋಣಿ ಸ್ವಲ್ಪ ದೂರದಲ್ಲೇ ನಿಂತಿತು, ನಮ್ಮನ್ನು ಸಣ್ಣ ದೋಣಿಗೆ ದಾಟಿಸಿದರು. ಎರಡೂ ಅಲ್ಲಾಡುತ್ತಿರುವಾಗ ಒಂದರಿಂದ ಒಂದಕ್ಕೆ ಕಾಲಿಡಬೇಕು. ನಾನು ತಡಬಡಾಯಿಸಿದೆ. ನನ್ನ ಹೆಂಡತಿ ಮಾತ್ರ ದೋಣಿಯ ಹುಡುಗ “ಈಗ” ಅಂದ ಕ್ಷಣದಲ್ಲೇ ಸೀರೆ ಎತ್ತಿಕಟ್ಟಿ ದಾಟಿಬಿಟ್ಟಳು. ಅದನ್ನು ನೋಡಿ ದೋಣಿಯಲ್ಲಿದ್ದ ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದರು.

ಮಕ್ಕಳೇ, ಈ ದ್ವೀಪದಲ್ಲಿ ಮೊದಲು ಕಣ್ಣಿಗೆ ಬೀಳುವುದು ತೆಂಗಿನ ಮರಗಳು. ಇದಕ್ಕೆ ತೆಂಗಿನ ದ್ವೀಪ ಎಂಬ ಹೆಸರೂ ಇದೆ. ಆಮೇಲೆ ಕಪ್ಪೆಚಿಪ್ಪು, ಒಂದು ಕಡೆಯ ದಡದಲ್ಲಿ ಮರಳಿಗೆ ಬದಲು ಬರೀ ಚಿಪ್ಪಿನ ಚೂರುಗಳೇ, ನಡೆದರೆ ಹಪ್ಪಳ ಮುರಿದ ಸದ್ದು. ಕೊನೆಗೆ ಕಲ್ಲು. ಆ ಕಲ್ಲಿಗಾಗಿಯೇ ದೂರದಿಂದ ಜನ ಬರುವುದು. ಸಾಲುಸಾಲಾಗಿ ನಿಲ್ಲಿಸಿದ ಕಂಬಗಳು, ಯಾರೋ ಉಳಿ ಹಿಡಿದು ಮುಖ ಕಡೆದ ಹಾಗೆ. ಮೇಲಿನಿಂದ ನೋಡಿದರೆ ಜೇನುಹುಟ್ಟಿನ ಕೋಣೆಗಳಂತೆ ಹೆಚ್ಚಿನವಕ್ಕೆ ಆರು ಮೂಲೆ; ಐದು, ಏಳು ಮೂಲೆಯವೂ ಇವೆ, ಎಣಿಸಿ ನೋಡಿದೆವು. ಕೆಲವು ಮಂಡಿಯೆತ್ತರ, ಕೆಲವು ಎರಡು ಮೂರು ಆಳೆತ್ತರ.

“ಇಷ್ಟೊಂದು ಕಂಬ ಯಾರು ನೆಟ್ಟಿದ್ದು ತಾತ?” ಚಿಕ್ಕವನ ಪ್ರಶ್ನೆ.

“ಭೀಮ ಇರಬೇಕು” ಎಂದಳು ಅವನ ಅಜ್ಜಿ.

ಅವಳ ಉತ್ತರ ನಗುವಂಥದ್ದಲ್ಲ. ಇಂಥ ಕಲ್ಲು ಇರುವ ಕಡೆಯಲ್ಲೆಲ್ಲ ಜನ ಒಬ್ಬ ದೈತ್ಯನನ್ನು ನೆನೆದಿದ್ದಾರೆ. ಐರ್ಲೆಂಡಿನ ಕಡಲಂಚಿನಲ್ಲಿ ಹೀಗೇ ಸಾವಿರಾರು ಕಂಬಗಳಿವೆ. ಫಿನ್ ಎಂಬ ದೈತ್ಯ ಸಮುದ್ರ ದಾಟಲು ಹಾಕಿದ ದಾರಿ ಅದು ಎನ್ನುತ್ತಾರೆ. ಮೆಡಿಟರೇನಿಯನ್ ಸಮುದ್ರದಲ್ಲಿ, ಇಟಲಿಯ ಸಿಸಿಲಿಯ ಹತ್ತಿರ, ಎಟ್ನಾ ಜ್ವಾಲಾಮುಖಿಯ ಬುಡದಲ್ಲಿ ಪುಟ್ಟ ಪುಟ್ಟ ಕಲ್ಲಿನ ದ್ವೀಪಗಳಿವೆ. ಅಲ್ಲಿಗೂ ಜನ ದೋಣಿಯಲ್ಲೇ ಹೋಗುತ್ತಾರೆ. ಗ್ರೀಕರ ಕಥೆಯ ಒಕ್ಕಣ್ಣ ದೈತ್ಯ ಪಾಲಿಫೆಮಸ್, ತನ್ನ ಕಣ್ಣು ಚುಚ್ಚಿ ಹಡಗಿನಲ್ಲಿ ಪರಾರಿಯಾಗುತ್ತಿದ್ದ ಒಡಿಸ್ಯೂಸನತ್ತ ಕುರುಡಾಗಿ ಎಸೆದ ಬಂಡೆಗಳಂತೆ ಅವು. ಕಥೆ ಕೇಳಿದ ಚಿಕ್ಕವನು ತಕ್ಷಣ ಒಂದು ಕಣ್ಣು ಮುಚ್ಚಿಕೊಂಡು ಅಕ್ಕನನ್ನು ಅಟ್ಟಿಸಿಕೊಂಡು ಹೋದ. ಬಂಡೆ ಜಾರುತ್ತದೆ ಎಂದು ಅವನ ಅಮ್ಮ ಎಳೆದು ತಂದಳು. ನಿಜಕ್ಕೂ ಜಾರುತ್ತದೆ, ಅಲೆ ಬಡಿಯುವ ಕಡೆ ಹೋಗಲೇಬಾರದು.

ದೈತ್ಯ ಯಾರು ಎಂದು ಕೇಳಿದರೆ, ಬೆಂಕಿ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ನಮ್ಮ ಭೂಭಾಗವೂ ಇಂದಿನ ಮಡಗಾಸ್ಕರ್ ದ್ವೀಪವೂ ಅಂಟಿಕೊಂಡಿದ್ದವು. ಅವು ಬೇರೆಯಾಗುವ ಹೊತ್ತಿನಲ್ಲಿ ನೆಲ ಸೀಳಿ ಲಾವಾರಸ ಉಕ್ಕಿತು. ಅದು ನಿಧಾನವಾಗಿ ಆರುತ್ತಾ ಕುಗ್ಗಿತು, ಕುಗ್ಗಿದಾಗ ಬಿರಿಯಿತು. ಬೇಸಿಗೆಯಲ್ಲಿ ನಮ್ಮೂರ ಕೆರೆ ಬತ್ತಿದಾಗ ಅಂಗಳದ ಜೇಡಿ ಬಿರಿಯುವುದನ್ನು ನೀವೂ ನೋಡಿದ್ದೀರಿ. ಅದೂ ಹಲವು ಮೂಲೆಯ ಬಿಲ್ಲೆಬಿಲ್ಲೆಯಾಗಿಯೇ ಬಿರಿಯುತ್ತದೆ. ಕೆರೆಯಲ್ಲಿ ಬಿರುಕು ಗೇಣುದ್ದ ಇಳಿದರೆ ಇಲ್ಲಿ ಆಳೆತ್ತರ ಇಳಿದಿದೆ, ಅದಕ್ಕೇ ಕಂಬ. “ಆಗ ಡೈನೋಸಾರ್ ಇತ್ತಾ?” ಎಂದ ಚಿಕ್ಕವನು. ಇತ್ತು, ಅವು ಅಳಿಯುವುದಕ್ಕೆ ಇನ್ನೂ ಎರಡು ಕೋಟಿ ವರ್ಷಕ್ಕಿಂತ ಹೆಚ್ಚೇ ಬಾಕಿ ಇತ್ತು ಎಂದೆ. ಈ ಕಲ್ಲುಗಳು ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಂದು ಚೂರನ್ನೂ ಒಡೆದು ತರುವಂತಿಲ್ಲ.

ತೆಂಗಿನ ನೆರಳಿನಲ್ಲಿ ಕೂತು ಬಾಟಲಿಯ ನೀರು ಕುಡಿಯುವಾಗ (ನೀರನ್ನು ತಪ್ಪದೆ ಒಯ್ಯಿರಿ) ನನಗೆ ಹಳೆಯ ಚಟ ಬಂತು. ಮೊಮ್ಮಗಳನ್ನು ಕೂರಿಸಿಕೊಂಡು ವಾಸ್ಕೋ ಡ ಗಾಮನ ಪಾಠ ಶುರು ಮಾಡಿದೆ. 1498ನೇ ಇಸವಿ, ಪೋರ್ಚುಗಲ್ ದೊರೆ, ಯಾರೂ ಇಲ್ಲದ ದ್ವೀಪ, ಶಿಲುಬೆ. ಮುಗಿಸುವ ಮೊದಲೇ ಅವಳು ಕೇಳಿದಳು:

“ತಾತ, ಯಾರೂ ಇರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಅಲ್ಲಿ ನೋಡಿ, ಮೀನು ಹಿಡಿಯೋರು ಎಷ್ಟು ಜನ ಇದಾರೆ. ಆಗ ಇರಲಿಲ್ವಾ? ಅವರು ಇದನ್ನ ಏನಂತ ಕರೀತಿದ್ರು?”

ಮೂವತ್ತನಾಲ್ಕು ವರ್ಷದಲ್ಲಿ ಒಂದು ಮಗುವೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬಹುಶಃ ಕೇಳಲು ನಾನೇ ಬಿಟ್ಟಿರಲಿಲ್ಲ. ಹತ್ತಿರದಲ್ಲಿ ಹಗ್ಗ ಸುತ್ತುತ್ತಿದ್ದ ವಯಸ್ಸಾದ ದೋಣಿಯವರು ನಕ್ಕು, “ನಮಗೆ ಇದು ತೋನ್ಸೆಪಾರ್” ಅಂದರು. ತೋನ್ಸೆ ಎಂಬುದು ಅಲ್ಲೇ ಎದುರಿನ ಕರಾವಳಿಯ ಊರು. “ನಮ್ಮ ಅಜ್ಜನೂ ಹಾಗೇ ಹೇಳ್ತಿದ್ದದ್ದು. ಮೇರಿ ಗೀರಿ ಎಲ್ಲ ಟಿಕೆಟಿನಲ್ಲಿ.” ಗಾಮ ನೆಟ್ಟ ಕಂಬ ಎಲ್ಲಾದರೂ ಇದೆಯೇ ಎಂದು ದ್ವೀಪವೆಲ್ಲ ಸುತ್ತಿ ನೋಡಿದೆವು. ನಮಗೆ ಕಂಡಿದ್ದೆಲ್ಲ ಲಾವಾ ನೆಟ್ಟ ಕಂಬಗಳೇ.

ಊರಿಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಮುಂದಿನ ವಾರ ಮೈಸೂರಿಗೆ ಬಸ್ಸು ಹತ್ತಿ ಗ್ರಂಥಾಲಯದಲ್ಲಿ ಕೂತೆ. ಗಾಮನ ಹಡಗುಗಳಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯ ಇಂಗ್ಲಿಷ್ ಅನುವಾದ ಸಿಕ್ಕಿತು. ಓದುತ್ತಾ ಓದುತ್ತಾ ನನ್ನ ಕಿವಿ ಬಿಸಿಯಾಯಿತು. ಅವರು ಈ ಕಡೆಯ ದ್ವೀಪಗಳ ಹತ್ತಿರ ಬಂದದ್ದು ಕಲ್ಲಿಕೋಟೆಗೆ ಹೋಗುವಾಗ ಅಲ್ಲ, ಅಲ್ಲಿಂದ ಮರಳುವಾಗ, 1498ರ ಸೆಪ್ಟೆಂಬರ್ 15ರ ಶನಿವಾರ. ದೊರೆಯ ಅಪ್ಪಣೆಯಂತೆ ತಂದಿದ್ದ ಮೂರು ಕಂಬಗಳಲ್ಲಿ ಸಾಂತಾ ಮರಿಯಾ ಎಂಬ ಹೆಸರಿನದನ್ನು ಇಲ್ಲಿ ನೆಟ್ಟರು. ಆ ದಿನ ಅವರ ಬಳಿಗೆ ದೋಣಿಗಳು ಬಂದಿದ್ದವು. ದೋಣಿಯ ತುಂಬ ಮೀನು! ಗಾಮ ಆ ಮೀನುಗಾರರಿಗೆ ಅಂಗಿಗಳನ್ನು ಉಡುಗೊರೆ ಕೊಟ್ಟ. ಅಷ್ಟೇ ಅಲ್ಲ, ಈ ದ್ವೀಪದಲ್ಲಿ ಕಂಬ ನೆಡಬಹುದೇ ಎಂದು ಅವರನ್ನೇ ಕೇಳಿದ, ಅವರು ಸಂತೋಷದಿಂದ ಒಪ್ಪಿದರು ಎಂದು ದಿನಚರಿಕಾರ ಬರೆದಿದ್ದಾನೆ. ಒಬ್ಬರ ಭಾಷೆ ಒಬ್ಬರಿಗೆ ಎಷ್ಟು ತಿಳಿದಿತ್ತೋ, ಆ ಒಪ್ಪಿಗೆ ಎಂಥದ್ದೋ! ಆದರೆ ನೆಟ್ಟವನೇ ಕೇಳಿದ್ದಾನೆ ಎಂದ ಮೇಲೆ, ಕೇಳಲು ಅಲ್ಲಿ ಜನ ಇದ್ದರು. ಯಾರೂ ಇಲ್ಲದ ದ್ವೀಪ ಎಂದವನು ನಾನು, ಗಾಮನಲ್ಲ.

ಮೊನ್ನೆ ರಾವಂದೂರಿನ ಸಂತೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಈಗ ಅವನಿಗೂ ತಲೆ ನರೆತಿದೆ. ಟೀ ಕುಡಿಸಿ, “ಅವತ್ತು ನಾನು ಹೇಳಿದ್ದು ತಪ್ಪು ಕಣಯ್ಯ” ಎಂದು ಎಲ್ಲವನ್ನೂ ಹೇಳಿದೆ. ಅವನು ಗ್ಲಾಸ್ ಕೆಳಗಿಟ್ಟು, “ಅಯ್ಯೋ ಮೇಷ್ಟ್ರೇ, ನನ್ನ ಮಗಳಿಗೂ ಹಾಗೇ ಹೇಳ್ಕೊಟ್ಟಿದೀನಲ್ಲ!” ಎಂದ.

ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ದಿನಚರಿಯ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದೆ. ಮೊಮ್ಮಗಳು ನೋಟ್‌ಬುಕ್ ತಂದು, ‘ತೋನ್ಸೆಪಾರ್’ ಎಂದು ಮೇಲೆ ಬರೆದು ಅಡಿಗೆರೆ ಎಳೆದಳು. ನನ್ನ ಹೆಂಡತಿ ಮುದ್ದೆ ಕಟ್ಟುತ್ತಾ ಸುಮ್ಮನೆ ಕೇಳುತ್ತಿದ್ದವಳು ಮಧ್ಯೆ ಬಾಯಿ ಹಾಕಿದಳು:

“ಅಲ್ರೀ, ಬೆಳಿಗ್ಗೆ ಮೀನು ತುಂಬ್ಕೊಂಡು ಹೋದೋನು ಸಂಜೆ ಯಾರದೋ ಅಂಗಿ ಹಾಕ್ಕೊಂಡು ಮನೆಗೆ ಬಂದ್ರೆ, ಅವನ ಹೆಂಡ್ತಿ ಏನಂದಿರ್ತಾಳೆ?”