ಹೆಗಲೇರಿದ ದೋಣಿ

ದೋಣಿ ನಮ್ಮನ್ನು ಹೊರುವುದು ಲೋಕರೂಢಿ. ದೋಣಿಯನ್ನೇ ನಾವು ಹೊರಬೇಕಾದ ಹೊಳೆಯೊಂದನ್ನು ನಾನು ಕಂಡುಬಂದೆ. ಕೆನಡಾದ ವಾಯವ್ಯ ಪ್ರಾಂತ್ಯದ ದಕ್ಷಿಣ ನಹಾನಿ ಅದು. 1978ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಘೋರಾರಣ್ಯ. ಸುತ್ತ ಊರಿಲ್ಲ, ರಸ್ತೆಯಿಲ್ಲ. ಆ ದೇಶದಲ್ಲಿ ನೆಲಸಿರುವ ಮಗನೊಡನೆ, ನೀರಿನ ಮೇಲಿಳಿಯುವ ವಿಮಾನದಲ್ಲಿ ಹೋದೆ.

ನಾವಿಳಿದೆಡೆಗೆ ತುಸು ಕೆಳಗೆ ನದಿ 90 ಮೀಟರಿಗೂ ಮಿಕ್ಕ ಆಳಕ್ಕೆ ಧುಮುಕುತ್ತದೆ. ನಯಾಗರದ ಎತ್ತರಕ್ಕೆ ಹೆಚ್ಚುಕಡಿಮೆ ಇಮ್ಮಡಿ. ಡೆನೆ ಜನರು ಅದನ್ನು ನಾಯ್ಲಿಚೊ ಎನ್ನುತ್ತಾರೆ. ಎಂಥ ಜಾಣ ಅಂಬಿಗನೂ ಅಲ್ಲಿ ದಡ ಸೇರಿ, ದೋಣಿಯನ್ನು ಹೆಗಲಿಗೇರಿಸಿ, ಕಾಡುಹಾದಿಯಲ್ಲಿ ಇಳಿಯಲೇಬೇಕು.

“ಗಂಟು ಇಲ್ಲಿ ಕೊಡಿ, ಅಪ್ಪ” ಎಂದ ಮಗ. ನಾನು ಕೊಡಲಿಲ್ಲ. ಅರ್ಧದಾರಿಯಲ್ಲಿ ಮೊಣಕಾಲು ಸೋತಿತು. ಅವನು ಮಾತಿಲ್ಲದೆ ಗಂಟನ್ನೆತ್ತಿಕೊಂಡ. ನನಗೆ ನಾಚಿಕೆಯಾಯಿತು.

ಕೆಳಗಿನ ಕಮರಿಯಲ್ಲಿ ನೀರು ನೊರೆಗಟ್ಟಿ ಎದ್ದುನಿಂತಿತ್ತು. ಹಿಂದೆ ಕುಳಿತ ಮಗ, “ಬಲಕ್ಕೆ! ಜೋರಾಗಿ ಹುಟ್ಟು ಹಾಕಿ!” ಎಂದು ಗದರಿದ. ಮೂವತ್ತು ವರ್ಷ ಅವನಿಗೆ ದಾರಿ ಹೇಳುತ್ತ ಬಂದ ನಾನು ಮರುಮಾತಾಡದೆ ಹುಟ್ಟು ಹಾಕಿದೆ. ಅಲೆಗಳು ಹಿಂದಾದವು.

ಎಲ್ಲಿ ಹುಟ್ಟು ಹಾಕಬೇಕು, ಎಲ್ಲಿ ದಡಕ್ಕಿಳಿಯಬೇಕು ಎಂಬುದನ್ನರಿತವನೇ ಅಂಬಿಗ. ತಂದೆಯಾದವನೂ ಅಷ್ಟನ್ನರಿತರೆ ಸಾಕೆಂದು ನನಗೆ ಆ ಹೊತ್ತು ತೋರಿತು.